ತೂಕದ ಮಂಗಳವಾರ

ಯಾವ ತಕ್ಕಡಿ ಕಂಡರೂ, ಅದರ ಮೇಲೆ ಏನನ್ನಾದರೂ ಇಡುವ ಮೊದಲು "ಸೊನ್ನೆ ತೋರಿಸ್ತಿದೆಯಾ?" ಎಂದು ಕೇಳುವ ಚಾಳಿ ನನಗೆ ಅಂಟಿಕೊಂಡಿದೆ. ಇದರಿಂದ ಹೊಳೆನರಸೀಪುರದ ಅರ್ಧ ಅಂಗಡಿಗಳವರಿಗೆ ನನ್ನ ಮೇಲೆ ಮುನಿಸು. ನಾನು ಅವರನ್ನು ಕಳ್ಳರೆನ್ನುತ್ತಿದ್ದೇನೆ ಎಂದೇ ಅವರ ಭಾವನೆ. ಮೊನ್ನೆ ರಾಗಿ ಮಿಲ್ಲಿನಲ್ಲಿ ಡಬ್ಬ ಇಡುವ ಮುಂಚೆ ಹೀಗೇ ಕೇಳಿದ್ದಕ್ಕೆ ಮಿಲ್ಲಿನವರು, "ಏನ್ರವ್ವ, ರಾಗಿ ನಿಮ್ದು, ಡಬ್ಬ ನಿಮ್ದು. ನಾನೇನ್ ಚಿನ್ನ ತೂಗಾಕ್ ಕುಂತಿದ್ದೀನಾ?" ಎಂದರು. ಪಕ್ಕದಲ್ಲಿದ್ದ ನಮ್ಮತ್ತೆ, ತಮ್ಮ ಕೈ ಹಿಡಿದುಕೊಂಡು ನಿಂತಿದ್ದ ನನ್ನ ಎರಡು ವರ್ಷದ ಮಗಳನ್ನು ಒಂದು ಸಲ ನೋಡಿ, "ಅವ್ಳು ಅಂಗೇ ಕಣಪ್ಪ. ಕೇಳಿದ್ದಕ್ಕೆ ಏಳ್ಬುಡು, ಬೇಗ ಆಯ್ತದೆ" ಎಂದರು. ಮಿಲ್ಲಿನವರು ಸೊನ್ನೆ ತೋರಿಸಿದರು. ಬೇಗ ಆಯಿತು.

ಈ ಚಾಳಿ ಎಲ್ಲಿಂದ ಬಂತು ಎಂದು ಹೇಳಬೇಕಾದರೆ ಮೊದಲು ನನ್ನ ಇನ್ನೊಂದು ಚಾಳಿಯ ವಿಷಯ ಹೇಳಬೇಕು. ನಾನು ಡೈರಿ ಬರೆಯುವವಳು. ಮನಸ್ಸಿನ ನೋವು ನಲಿವುಗಳನ್ನೆಲ್ಲ ತೋಡಿಕೊಳ್ಳುವ ಡೈರಿಯಲ್ಲ. ತಾರೀಖು, ವಾರ, ಬಸ್ಸು ಬಂದ ಹೊತ್ತು, ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ, ಇಂಥವು. ಪಾಪು ಹುಟ್ಟಿದ ಮೇಲಂತೂ ಎಷ್ಟು ಸಲ ಹಾಲು ಕುಡಿದಳು, ಎಷ್ಟು ಬಟ್ಟೆ ಒದ್ದೆ ಮಾಡಿದಳು, ಎಷ್ಟು ಸಲ ಸೀನಿದಳು ಎಂದೂ ಗೀಟು ಎಳೆಯುತ್ತಿದ್ದೆ. "ಸೀನಿನ ಲೆಕ್ಕ ಯಾತಕ್ಕೆ?" ಎಂದು ನಮ್ಮನೆಯವರು ಕೇಳಿದರು. ಅವತ್ತೇ ನಿಲ್ಲಿಸಿದೆ. ನಿಲ್ಲಿಸಿದ ತಾರೀಖನ್ನೂ ಬರೆದಿಟ್ಟೆ.

ತೂಕದ ಹುಚ್ಚು ಮಾತ್ರ ಅದಕ್ಕೂ ಹಳೆಯದು. ನನ್ನ ತವರು ಅರಕಲಗೂಡು ತಾಲ್ಲೂಕಿನಲ್ಲಿ, ಮಲ್ಲಿಪಟ್ಟಣಕ್ಕೆ ಹತ್ತಿರದ ಒಂದು ಸಣ್ಣ ಊರು. ಆಲೂಗಡ್ಡೆ ಕೀಳುವ ಕಾಲಕ್ಕೆ ಅಪ್ಪ ಕೊಟ್ಟಿಗೆಯ ತೊಲೆಗೆ ಕೊಕ್ಕೆಯ ತಕ್ಕಡಿ ನೇತುಹಾಕುತ್ತಿದ್ದರು. ಮೂಟೆಗಳು ಹೊರಟುಹೋದ ಮೇಲೆ ಅಣ್ಣನೂ ನಾನೂ ಆ ಕೊಕ್ಕೆಗೆ ಜೋತುಬಿದ್ದು ಒಬ್ಬರ ತೂಕ ಒಬ್ಬರು ನೋಡುತ್ತಿದ್ದೆವು. ಇದ್ದಿಲಿನಲ್ಲಿ ಗೋಡೆಯ ಮೇಲೆ ಬರೆಯುವ ಕೆಲಸ ಆಗಲೇ ನನ್ನದು. ಅಣ್ಣ ಯಾವಾಗಲೂ ಜೇಬಿನಲ್ಲಿ ಎರಡು ಆಲೂಗಡ್ಡೆ ಇಟ್ಟುಕೊಂಡೇ ಜೋತುಬೀಳುತ್ತಿದ್ದ. ಅಜ್ಜಿ ನೋಡಿದರೆ ಮುಗಿಯಿತು, "ಮಕ್ಳುನ್ನ ತೂಗ್ಬಾರ್ದು ಕಣ್ರೋ, ದಿಷ್ಟಿಯಾಗಿ ಇಳ್ದೋಗ್ತಾರೆ" ಎಂದು ಪೊರಕೆ ಹಿಡಿದು ಬರುತ್ತಿದ್ದರು. ಗೋಡೆಯ ಮೇಲಿನ ನನ್ನ ಲೆಕ್ಕವನ್ನು ಸಗಣಿ ನೀರಿನಲ್ಲಿ ಸಾರಿಸಿಬಿಡುತ್ತಿದ್ದರು. ಒಂದು ವರ್ಷದ ಅಂಕಿ ಅಂಶ ಹೀಗೆ ಸಗಣಿಯಲ್ಲಿ ಹೋಯಿತು ಎಂದು ನನಗೆ ಇವತ್ತಿಗೂ ಹೊಟ್ಟೆಯುರಿ.

ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಅದರಲ್ಲಿ ಮಾತಿಲ್ಲ. ನನ್ನದೂ ಆಯಿತು. ಬಸುರಿಯಾಗಿ ತವರಿಗೆ ಹೋದಾಗ ಅಲ್ಲಿನ ಅಂಗನವಾಡಿಯಲ್ಲಿ ನನ್ನ ಹೆಸರು ಬರೆಸಿದರು. ಹೆರಿಗೆಯಾದ ಮೇಲೆ ಮಗುವಿನ ಹೆಸರೂ ಅಲ್ಲಿನ ಟೀಚರ ಫೋನಿನ ಆ್ಯಪಿಗೆ ಸೇರಿತು. ಪಾಪುಗೆ ಆರು ತಿಂಗಳು ತುಂಬಿದಾಗ ಅಲ್ಲಿನ ಟೀಚರು ಅವಳನ್ನು ಬಟ್ಟೆಯ ಜೋಲಿಯಲ್ಲಿ ಮಲಗಿಸಿ ತೂಗಿದರು. ಆರು ಕಿಲೋ ಆರುನೂರು ಗ್ರಾಂ. ಬರೆದುಕೊಂಡೆ. ಆಮೇಲೆ ಒಳ್ಳೆಯ ದಿನ ನೋಡಿ, ಮಡಿಲು ತುಂಬಿಸಿಕೊಂಡು, ಹೊಳೆನರಸೀಪುರದ ಗಂಡನ ಮನೆಗೆ ಬಂದೆ. ತೊಟ್ಟಿಲು ಬಂತು, ಬಟ್ಟೆಬರೆ ಬಂತು, ಬಾಣಂತಿ ಲೇಹ್ಯದ ಡಬ್ಬವೂ ಬಂತು. ಫೋನಿನೊಳಗಿನ ಮಗು ಮಾತ್ರ ಬರಲಿಲ್ಲ.

ಅದು ಗೊತ್ತಾದದ್ದು ನಮ್ಮ ಬಡಾವಣೆಯ ಅಂಗನವಾಡಿಗೆ ಮೊದಲ ಸಲ ಹೋದಾಗ. ಅಲ್ಲಿನ ಟೀಚರ್ ಜಯಮ್ಮ, ಐವತ್ತರ ಹತ್ತಿರದವರು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಫೋನು ಒತ್ತಿದರು.

"ನಿಮ್ ಮಗು ಇಲ್ಲಿಲ್ಲ ಕಣಮ್ಮ" ಎಂದರು.

"ಇಲ್ಲೇ ಇದೆಯಲ್ಲ ಟೀಚರ್" ಎಂದು ಸೊಂಟದ ಮೇಲಿದ್ದ ಪಾಪುವನ್ನು ತೋರಿಸಿದೆ.

"ಅದು ಕಾಣ್ತದೆ. ನಾನ್ ಹೇಳಿದ್ದು ಆ್ಯಪಲ್ಲಿ. ಆ್ಯಪಲ್ಲಿ ನಿಮ್ ಮಗು ಇನ್ನೂ ಅರಕಲಗೂಡು ಕಡೇಲೇ ಐತೆ. ಅವ್ರು ಅಲ್ಲಿಂದ ಬುಟ್ರೆ ನಾನು ಇಲ್ಲಿ ಇಡ್ಕತೀನಿ. ಅಲ್ಲಿವರ್ಗೂ ಪೌಷ್ಟಿಕ ಹಿಟ್ಟಿನ ಪೊಟ್ನ ಕೊಡಕಾಗಲ್ಲ."

ತವರಿನ ಟೀಚರಿಗೆ ಫೋನು ಮಾಡಿದರೆ, "ನಾನು ಬಿಟ್ಟು ಹದಿನೈದು ದಿನ ಆಯ್ತಲ್ಲಮ್ಮ, ಅವ್ರು ಹಿಡ್ಕೊಂಡಿಲ್ಲ" ಎಂದರು. ಜಯಮ್ಮ ಟೀಚರು, "ಬುಟ್ಟಿದ್ರೆ ನಂಗ್ ಕಾಣ್ಬೇಕಲ್ಲ" ಎಂದರು. ಒಬ್ಬರು ಬಿಟ್ಟು, ಇನ್ನೊಬ್ಬರು ಹಿಡಿಯದೆ, ನನ್ನ ಮಗಳು ಎರಡು ತಾಲ್ಲೂಕುಗಳ ನಡುವೆ ಗಾಳಿಯಲ್ಲಿ ನೇತಾಡುತ್ತಿದ್ದಳು. ಅರಕಲಗೂಡಿನಲ್ಲಿ ಅಂಗನವಾಡಿಗಳನ್ನು ನೋಡಿಕೊಳ್ಳುವ ಕಚೇರಿಗೆ ಮೂರು ಸಲ ಹೋದೆ. ಮೊದಲ ಸಲ ಮೇಡಂ ಮೀಟಿಂಗಿಗೆ ಹಾಸನಕ್ಕೆ ಹೋಗಿದ್ದರು. ಎರಡನೇ ಸಲ ಕರೆಂಟು ಹೋಗಿತ್ತು. ಮೂರನೇ ಸಲ ಮೇಡಂ ಇದ್ದರು, ಕರೆಂಟೂ ಇತ್ತು. "ಇದು ನಮ್ಮಲ್ಲಿ ಆಗಲ್ಲಮ್ಮ, ಆ ಟೀಚರ್ ಫೋನಲ್ಲೇ ಆಗಬೇಕು" ಎಂದರು. ಬಸ್ಸಿನಲ್ಲಿ ಹೋದದ್ದು ಮೂರು ಸಲ, ಫೋನು ಹತ್ತೊಂಬತ್ತು ಸಲ, ಆ್ಯಪಿನ ಗುರುತಿಗೆ ಮುಖದ ಫೋಟೋ ತೆಗೆಸಿಕೊಂಡದ್ದು ಆರು ಸಲ. ಆರು ಫೋಟೋಗಳಲ್ಲಿ ಐದನ್ನು ಫೋನು ಒಪ್ಪಲಿಲ್ಲ. ಆಧಾರ್ ಕಾರ್ಡಿನಲ್ಲಿರುವ ಎರಡು ಜಡೆಯ ಹುಡುಗಿಗೂ ನಿದ್ದೆಗೆಟ್ಟ ಬಾಣಂತಿಗೂ ಹೋಲಿಕೆ ಸಾಲದು ಎಂದು ಅದು ತೀರ್ಮಾನಿಸಿತ್ತು. ಆ ಒಂದು ವಿಷಯದಲ್ಲಿ ಫೋನಿನ ತಪ್ಪೇನೂ ಇರಲಿಲ್ಲ.

ಈ ಓಡಾಟದ ನಡುವೆ ನನಗೆ ಹಾಸನದಲ್ಲಿ ಬಿ.ಎಡ್. ತರಗತಿಗಳು. ಬೆಳಗಿನ ಬಸ್ಸಿಗೆ ಹೋದರೆ ಬರುವುದು ಸಂಜೆಗೆ. ನಮ್ಮನೆಯವರು ಚನ್ನರಾಯಪಟ್ಟಣದ ಒಂದು ಕಾಲೇಜಿನಲ್ಲಿ ಲ್ಯಾಬ್ ಸಹಾಯಕ, ಅವರೂ ಬೆಳಿಗ್ಗೆಯೇ ಹೊರಡುತ್ತಿದ್ದರು. ಪಾಪು ಹಗಲೆಲ್ಲ ಅತ್ತೆಯ ಕೈಯಲ್ಲಿ. ಅತ್ತೆಯ ಹೆಸರು ಪುಟ್ಟತಾಯಮ್ಮ. ಊರಂಚಿನಲ್ಲಿ ಗದ್ದೆ, ಹಿತ್ತಿಲಲ್ಲಿ ಎರಡು ಹಸು, ನಾಲ್ಕು ಮಕ್ಕಳನ್ನು ಸಾಕಿದ ಅನುಭವ. ಇಂಥವರ ಕೈಗೆ ಮಗುವನ್ನು ಕೊಟ್ಟು, ಜೊತೆಗೆ ಒಂದು ಹಾಳೆಯನ್ನೂ ಕೊಟ್ಟು, "ಅತ್ತೆ, ಪಾಪು ಎಷ್ಟು ಬಟ್ಟಲು ಸರಿ ತಿಂದಳೋ ಅಷ್ಟು ಗೀಟು ಹಾಕಿ" ಎಂದು ಹೇಳಿ ಹೋಗುತ್ತಿದ್ದ ನನ್ನನ್ನು ಅವರು ಹೇಗೆ ಸಹಿಸಿಕೊಂಡರೋ. ಸರಿ ಎಂದರೆ ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಬೀಸಿದ ಹಿಟ್ಟಿನಲ್ಲಿ ಕಾಯಿಸುವ ಮಕ್ಕಳ ಗಂಜಿ. ಅತ್ತೆ ಗೀಟು ಹಾಕುತ್ತಿದ್ದರು. ದಿನಕ್ಕೆ ಮೂರು, ಕೆಲವು ದಿನ ನಾಲ್ಕು. ಸಂಜೆ ಬಂದು ಅದನ್ನು ಡೈರಿಗೆ ಇಳಿಸಿ ತೃಪ್ತಿಯಿಂದ ಕೂರುತ್ತಿದ್ದೆ.

ತೂಕಕ್ಕೆ ಕರೆದೊಯ್ಯುತ್ತಿದ್ದವರೂ ಅತ್ತೆಯೇ. ನಮ್ಮ ಅಂಗನವಾಡಿಯಲ್ಲಿ ತಿಂಗಳಿಗೊಂದು ಮಂಗಳವಾರ ಮಕ್ಕಳನ್ನು ತೂಗುತ್ತಾರೆ. ಆ್ಯಪು ಒಪ್ಪದಿದ್ದರೂ ಜಯಮ್ಮ ಟೀಚರು ಪಾಪುವನ್ನು ತೂಗದೆ ಬಿಡಲಿಲ್ಲ. "ಆ್ಯಪಲ್ಲಿ ಇಲ್ದೆ ಓದ್ರೆ ಮಗು ಇಲ್ಲ ಅಂತಾಯ್ತದಾ?" ಎಂದು ತಮ್ಮ ಸ್ವಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು, ನನ್ನ ತಾಯಿ ಕಾರ್ಡಿನಲ್ಲೂ ಬರೆದರು. ಏಳನೇ ತಿಂಗಳು, ಆರು ಕಿಲೋ ಒಂಬೈನೂರು. ಎಂಟನೇ ತಿಂಗಳು, ಏಳು ಕಿಲೋ. ಒಂಬತ್ತನೇ ತಿಂಗಳೂ ಏಳೇ. ಅತ್ತ ತವರಿನ ಫೋನಿನಲ್ಲಿ ಅವಳು ಏಳೂವರೆ ಕಿಲೋ ಇದ್ದಳು. ಅದು ಹೇಗೆ ಎಂದು ತವರಿನ ಟೀಚರನ್ನು ಕೇಳಿದೆ. "ತೂಕ ಹಾಕದಿದ್ರೆ ಅದು ಮುಂದಕ್ಕೇ ಹೋಗಲ್ಲಮ್ಮ. ಮಗು ಎಂಗೂ ಬೆಳ್ದಿರ್ತದಲ್ಲ ಅಂತ ಅಂದಾಜ್ಗೆ ಹಾಕ್ದೆ" ಎಂದರು. ನನ್ನ ಮಗಳು ಅಲ್ಲಿ ಇಲ್ಲದೆಯೇ ಇಲ್ಲಿಗಿಂತ ಚೆನ್ನಾಗಿ ಬೆಳೆಯುತ್ತಿದ್ದಳು.

ಹತ್ತನೇ ತಿಂಗಳ ಮಂಗಳವಾರ ನನಗೆ ರಜೆ ಇತ್ತು. ನಾನೇ ಕರೆದುಕೊಂಡು ಹೋದೆ. ಸೆಕೆಯ ದಿನ. ತೆಳ್ಳನೆಯ ಒಂದು ಜುಬ್ಬ ಹಾಕಿದ್ದೆ, ಅದನ್ನೂ ಬಿಚ್ಚಿ ತಕ್ಕಡಿಯ ತಟ್ಟೆಯಲ್ಲಿ ಮಲಗಿಸಿದೆ. ಆರು ಕಿಲೋ ಆರುನೂರು.

ಜಯಮ್ಮ ಟೀಚರು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡರು. ಮತ್ತೆ ತೂಗಿದರು. ಅಷ್ಟೇ. ತಾಯಿ ಕಾರ್ಡು ತೆಗೆದು, ಮಕ್ಕಳ ಬೆಳವಣಿಗೆಯ ಪುಟದಲ್ಲಿ ಚುಕ್ಕಿ ಇಟ್ಟರು. ಆ ಪುಟದಲ್ಲಿ ಹಸಿರು, ಹಳದಿ, ಕೆಂಪು ಎಂದು ಮೂರು ಪಟ್ಟಿಗಳು. ಅಲ್ಲಿಯವರೆಗೂ ಹಸಿರಿನಲ್ಲಿದ್ದ ಚುಕ್ಕಿ ಹಳದಿಗೆ ಬಿತ್ತು.

"ನಾನೂರು ಗ್ರಾಂ ಇಳ್ದವ್ಳೆ ಕಣಮ್ಮ. ವಾಂತಿ ಭೇದಿ ಏನಾರಾ ಆಗಿತ್ತಾ?"

"ಇಲ್ಲ ಟೀಚರ್. ದಿನಾ ಮೂರು ಬಟ್ಟಲು ಸರಿ ತಿಂತಾಳೆ. ಬರೆದಿಟ್ಟಿದ್ದೀನಿ."

"ಬರ್ದಿಟ್ರೆ ಒಟ್ಟೆ ತುಂಬ್ತದಾ? ನೋಡಿ, ಬರೋ ತಿಂಗ್ಳು ಆರೂ ಒಂಬೈನೂರು ಆಗ್ಬೇಕು. ಆ ಗೆರೆ ಮುಟ್ಟದಿದ್ರೆ ನಾನು ಹಾಸನದ ಆಸ್ಪತ್ರೆಗೆ ಚೀಟಿ ಬರ್ಕೊಡ್ಬೇಕಾಯ್ತದೆ. ಅಲ್ಲಿ ಡಾಕ್ಟ್ರು ನೋಡಿ, ಬೇಕು ಅಂದ್ರೆ ತಾಯಿ ಮಗೂನ ಹದ್ನಾಲ್ಕು ದಿನ ಇಟ್ಕೊಂಡು ಊಟ ಕೊಟ್ಟು ನೋಡ್ತಾರೆ."

ಮನೆಗೆ ಬಂದು ಅತ್ತೆಗೆ ಹೇಳಿದೆ. ಹೇಳಬಾರದಿತ್ತು. ಹಾಲು ಕರೆಯುತ್ತಿದ್ದವರು ಎದ್ದು ನಿಂತರು.

"ಊಟ ಕೊಟ್ಟು ನೋಡ್ತಾರಾ? ಎರಡು ಅಸ ಕಟ್ಟಿರೋ ಮನೆ ಮಗೀಗೆ ಆಸ್ಪತ್ರೇಲಿ ಊಟ ಆಕ್ತಾರಾ? ಬೀದಿಯೋರು ಕೇಳುದ್ರೆ ಏನಂದಾರು, ಪುಟ್ಟತಾಯಮ್ಮ ಮೊಮ್ಮಗೀನ ಉಪಾಸ ಕೆಡವವ್ಳೆ ಅನ್ನಲ್ವಾ? ಆ ತಕ್ಡಿನೇ ಸರಿ ಇಲ್ಲ ಕಣಮ್ಮಿ. ನಾನ್ ಕರ್ಕೊಂಡೋದಾಗ ಏಳು, ನೀನ್ ಕರ್ಕೊಂಡೋದ್ರೆ ಆರೂವರೆ. ನಿನ್ ಕೈಗುಣ ಅಂಗೈತೆ."

ಕೈಗುಣದ ಮಾತು ನನ್ನನ್ನು ಚುಚ್ಚಿತು. ತಕ್ಕಡಿಯೇ ಸರಿಯಿಲ್ಲದಿರಬಹುದು ಎಂಬ ಮಾತು ಮಾತ್ರ ಹಿತವಾಗಿತ್ತು. ಮಾರನೇ ದಿನದಿಂದ ಪಾಪುವನ್ನು ಎತ್ತಿಕೊಂಡು ಊರಿನ ತಕ್ಕಡಿಗಳನ್ನೆಲ್ಲ ಹತ್ತಿಸಿದೆ. ಹಾಲಿನ ಡೇರಿಯಲ್ಲಿ ಆರೂ ಎಂಟುನೂರು, ಆದರೆ ಬರಿಯ ತಟ್ಟೆಗೇ ಅದು ನೂರೈವತ್ತು ಗ್ರಾಂ ತೋರಿಸುತ್ತಿತ್ತು. ರಾಗಿ ಮಿಲ್ಲಿನ ತಕ್ಕಡಿ ಅರ್ಧ ಕಿಲೋ ದಾಟಿದ್ದನ್ನೆಲ್ಲ ಪೂರ್ತಿ ಕಿಲೋ ಮಾಡಿಬಿಡುತ್ತದೆ, ಅದರ ಪ್ರಕಾರ ಏಳು. ತರಕಾರಿ ಅಂಗಡಿಯಲ್ಲಿ ಪಾಪು ಒಂದು ಬದನೆಕಾಯಿ ಹಿಡಿದುಕೊಂಡು ಬಿಡಲಿಲ್ಲ, ಆ ತೂಕವನ್ನು ರದ್ದು ಮಾಡಿದೆ. ಕೊನೆಗೆ ಚನ್ನರಾಯಪಟ್ಟಣದ ಒಬ್ಬ ಮಕ್ಕಳ ಡಾಕ್ಟರ ಹತ್ತಿರ ನಮ್ಮನೆಯವರೂ ನಾನೂ ಹೋದೆವು. ಆರು ಕಿಲೋ ಆರುನೂರು. ಜಯಮ್ಮ ಟೀಚರ ತಕ್ಕಡಿಯದು ಏನೂ ತಪ್ಪಿರಲಿಲ್ಲ. ಸೊನ್ನೆ ಕೇಳುವ ಚಾಳಿ ಶುರುವಾದದ್ದು ಆ ವಾರ.

ವಾಪಸು ಬರುವಾಗ ಬಸ್ಸಿನಲ್ಲಿ ಡೈರಿ ತೆಗೆದು ತಿರುವಿದೆ. ಏಳನೇ, ಎಂಟನೇ, ಒಂಬತ್ತನೇ ತಿಂಗಳ ತೂಕದ ಮುಂದೆ ಆವರಣದಲ್ಲಿ ನನ್ನದೇ ಅಕ್ಷರ: "ಅತ್ತೆ ಕರೆದೊಯ್ದರು." ಹತ್ತನೆಯದರ ಮುಂದೆ: "ನಾನು." ಕೈಗುಣ ಎಂದರೆ ಇದೇ ಇರಬೇಕು ಅನ್ನಿಸಿತು. ಮನೆಗೆ ಬಂದವಳೇ ಕೇಳಿದೆ.

"ಅತ್ತೆ, ನೀವು ಪಾಪೂನ ತೂಕಕ್ಕೆ ಹೇಗೆ ಕರ್ಕೊಂಡು ಹೋಗ್ತಿದ್ರಿ?"

"ಎಂಗೆ ಅಂದ್ರೆ? ಎತ್ಗಂಡು."

"ಏನು ಹಾಕಿ?"

"ಬೆಳ್ಳಿ ಆಕಿ, ಉಣ್ಣೆ ಟೋಪಿ ಆಕಿ. ನಾಲ್ಕು ಜನ ಸೇರೋ ಜಾಗಕ್ಕೆ ಮಗೀನ ಬೋಳು ಮೈಲಿ ಕರ್ಕೊಂಡೋಯ್ತಾರಾ?"

ಬೆಳ್ಳಿ ಎಂದರೆ ಈ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಸರದಿಯ ಮೇಲೆ ಬರುವ ಹಳೆಯ ಒಡವೆ. ಸೊಂಟಕ್ಕೆ ಗೆಜ್ಜೆ ಪೋಣಿಸಿದ ಉಡಿದಾರ, ಕಾಲಿಗೆ ಗಟ್ಟಿ ಕಡಗ, ಕೈಗೆ ಬಳೆ. ನಮ್ಮನೆಯವರೂ ಹಾಕಿಕೊಂಡದ್ದೇ. ಮೂರು ತಿಂಗಳೂ ಅದರ ಸಮೇತವೇ ಪಾಪು ತಕ್ಕಡಿ ಹತ್ತಿದ್ದಳು. ನಾನು ಕರೆದೊಯ್ದ ಸಲ ಅದು ಬೀರುವಿನಲ್ಲಿತ್ತು.

"ಟೀಚರ್ ತೆಗೀರಿ ಅನ್ನಲಿಲ್ವಾ?"

"ಅಂದ್ಲು. ಮಂಗ್ಳಾರ ಸುಕ್ರಾರ ಮಗೀನ್ ಮೈಮ್ಯಾಲಿಂದ ಬೆಳ್ಳಿ ತಗೀತಾರಾ ಅಂದೆ. ಸುಮ್ಕಾದ್ಲು."

ತೂಗುವ ದಿನ ಮಂಗಳವಾರ. ಬೆಳ್ಳಿ ತೆಗೆಯಬಾರದ ದಿನವೂ ಮಂಗಳವಾರ. ಈ ಎರಡು ನಿಯಮಗಳು ಎದುರುಬದುರಾದರೆ ನಮ್ಮ ಬೀದಿಯಲ್ಲಿ ಯಾವುದು ಗೆಲ್ಲುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಮಾರನೇ ದಿನ ನಮ್ಮನೆಯವರು ಆ ಬೆಳ್ಳಿಯನ್ನು ಟಿಫನ್ ಡಬ್ಬಿಯಲ್ಲಿ ಹಾಕಿಕೊಂಡು ಚನ್ನರಾಯಪಟ್ಟಣಕ್ಕೆ ಹೋದರು. ಲ್ಯಾಬಿನ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿ ಫೋನು ಮಾಡಿದರು. ಟೋಪಿ ಬಿಟ್ಟು, ಮುನ್ನೂರು ಗ್ರಾಂ. ಉಳಿದ ನೂರು ಟೋಪಿಯದೂ ಬಟ್ಟೆಯದೂ ಇರಬೇಕು. ನನಗೆ ಎಷ್ಟು ಖುಷಿಯಾಯಿತೆಂದರೆ, ಮರುದಿನ ಹಾಸನದ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸಿಗೂ ಹೇಳಿಬಿಟ್ಟೆ. ಮಗು ಇಳಿದೇ ಇಲ್ಲ. ಇಳಿದದ್ದು ಬೆಳ್ಳಿ. ನನ್ನ ಕೈಗುಣ ಶುದ್ಧವಾಗಿದೆ.

ಗೊರೂರಿನ ಕಡೆಯವರಂತೆ ಆಕೆ. ಸಾವಧಾನವಾಗಿ ಕೇಳಿಸಿಕೊಂಡು, "ಅಂಗಾದ್ರೆ ಮಗು ಈಗ ಎಷ್ಟೈತೆ?" ಎಂದರು.

"ಆರೂ ಆರುನೂರು."

"ಆರ್ ತಿಂಗ್ಳಾಗಿದ್ದಾಗ?"

"ಆರೂ ಆರುನೂರು" ಎಂದೆ.

ಡೈರಿ ತೆಗೆದೆ. ಬೆಳ್ಳಿಯನ್ನು ಒಂದು ತಿಂಗಳಿನಿಂದ ಕಳೆದರೆ ಸಾಲದು, ಮೂರೂ ತಿಂಗಳಿನಿಂದ ಕಳೆಯಬೇಕಲ್ಲ. ಕಳೆದೆ. ಆರೂ ಆರುನೂರು, ಆರೂ ಏಳುನೂರು, ಆರೂ ಏಳುನೂರು, ಆರೂ ಆರುನೂರು. ನನ್ನ ಮಗು ಇಳಿದಿರಲಿಲ್ಲ ನಿಜ. ಅವಳು ನಾಲ್ಕು ತಿಂಗಳಿಂದ ಏರಿಯೇ ಇರಲಿಲ್ಲ. ಪ್ರತಿದಿನ ಅವಳ ಬಗ್ಗೆ ಒಂದು ಪುಟ ಬರೆದ ತಾಯಿಗೆ ಅದು ಕಾಣಲಿಲ್ಲ. ಗುರುತು ಪರಿಚಯ ಇಲ್ಲದ ಒಬ್ಬ ಹೆಂಗಸಿಗೆ ಎರಡು ಪ್ರಶ್ನೆಯಲ್ಲಿ ಕಂಡಿತು. ಅವತ್ತು ತರಗತಿಯಲ್ಲಿ ಮೇಷ್ಟ್ರು ಮಗುವಿನ ಬೆಳವಣಿಗೆಯ ಹಂತಗಳ ಬಗ್ಗೆಯೇ ಪಾಠ ಮಾಡಿದರು. ನಾನು ಒಂದಕ್ಷರ ಬರೆದುಕೊಳ್ಳಲಿಲ್ಲ.

ಸಂಜೆ ಬಸ್ಸಿಳಿದು ಸೀದಾ ಜಯಮ್ಮ ಟೀಚರ ಮನೆಗೆ ಹೋದೆ. ಅವರು ನನ್ನ ಲೆಕ್ಕವನ್ನು ಪೂರ್ತಿ ಕೇಳಲಿಲ್ಲ. "ಬೆಳ್ಳಿ ತಗಸ್ದೆ ತೂಗಿದ್ದು ನಂದೂ ತಪ್ಪೇ. ನಿಮ್ಮತ್ತೆ ಬಾಯಿಗೆ ಎದುರ್ಕೊಂಡು ಸುಮ್ನಾದೆ" ಎಂದು ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆಗೇ ಹೊರಟರು. ನಮ್ಮ ಮನೆಯಲ್ಲಿ ಅತ್ತೆ ಪಾಪುಗೆ ಸರಿ ತಿನ್ನಿಸುತ್ತಿದ್ದರು. ತಿನ್ನಿಸುತ್ತಿದ್ದರು ಎನ್ನುವುದಕ್ಕಿಂತ ಕುಡಿಸುತ್ತಿದ್ದರು ಎನ್ನಬೇಕು. ಟೀಚರು ಚಮಚ ತೆಗೆದುಕೊಂಡು ಬಟ್ಟಲಲ್ಲಿ ಅದ್ದಿ, ಎತ್ತಿ, ಓರೆ ಮಾಡಿದರು. ಸರಿ ಸರ್ರನೆ ಇಳಿದು ಬಟ್ಟಲು ಸೇರಿತು. ಚಮಚದಲ್ಲಿ ಏನೂ ಉಳಿಯಲಿಲ್ಲ.

"ಪುಟ್ಟತಾಯಮ್ನೋರೆ, ಇದು ಸರಿ ಅಲ್ಲ, ರಾಗಿ ತೊಳೆದ ನೀರು."

ಅತ್ತೆಯ ಮುಖ ಕೆಂಪಾಯಿತು. "ನಾಕು ಮಕ್ಳುನ್ನ ಇದ್ರಲ್ಲೇ ಸಾಕಿದ್ದೀನಿ ಕಣವ್ವ. ಗಟ್ಟಿ ಕೊಟ್ರೆ ಮಗೀಗೆ ಒಟ್ಟೆ ಕಟ್ಕೊತದೆ. ಅದ್ಕೇ ಬಟ್ಟೇಲಿ ಎರಡು ಸಲ ಸೋಸ್ತೀನಿ."

"ಆ ನಾಕು ಮಕ್ಳು ನಿಮ್ ಎದೆಹಾಲನ್ನ ಎಷ್ಟೊತ್ತು ಕುಡೀತಿದ್ವು?"

"ಅಗಲೂ ಇರ್ಳೂ. ನಾನೆಲ್ಲಿಗೆ ಓಗ್ಬೇಕಾಗಿತ್ತು, ಇಲ್ಲೇ ಇರ್ತಿದ್ದೆ."

"ಈ ಮಗಿನ ಅವ್ವ ಬೆಳಿಗ್ಗೆ ಬಸ್ ಅತ್ತುದ್ರೆ ಸಂಜೆ ಇಳೀತಾಳೆ. ಅಗ್ಲೆಲ್ಲ ಇದಕ್ಕೆ ಇರೋದು ಇದೊಂದೇ ಬಟ್ಲು. ಓರೆ ಮಾಡುದ್ರೆ ಚಮಚ ಬಿಟ್ಟು ಬೀಳ್ಬಾರ್ದು, ಅಷ್ಟು ಗಟ್ಟಿ ಇರ್ಬೇಕು. ಒಂದ್ ಚಮಚ ತುಪ್ಪ ಆಕಿ. ಅರ್ಧ ಮೊಟ್ಟೆ ಕಿವುಚಿ ಕೊಡಿ."

ಅತ್ತೆ ನನ್ನ ಕಡೆ ತಿರುಗಿ ಏನೋ ಹೇಳುವವರಿದ್ದರು. ನನ್ನ ಕೈಯಲ್ಲಿ ಗೀಟಿನ ಹಾಳೆ ಇತ್ತು. ಅವತ್ತು ನಾಲ್ಕು ಗೀಟು. ನಾಲ್ಕು ಬಟ್ಟಲು ನೀರು. ಅವರು ನೀರು ಮಾಡಿದ್ದರು, ನಾನು ಅದನ್ನು ಎಣಿಸಿ ಶಭಾಷ್ ಎಂದಿದ್ದೆ. ಒಬ್ಬರನ್ನೊಬ್ಬರು ಬೈಯುವ ಹಕ್ಕು ಇಬ್ಬರಿಗೂ ಉಳಿದಿರಲಿಲ್ಲ. ಹಾಗೆಂದು ಅತ್ತೆ ಸುಮ್ಮನಾಗಲಿಲ್ಲ. ಟೀಚರು ಹೋದ ಮೇಲೆ, "ಮೊಟ್ಟೆಯಂತೆ. ಇನ್ನೂ ಅಲ್ಲು ಬಂದಿಲ್ಲ" ಎಂದು ಅಡುಗೆಮನೆಯಲ್ಲಿ ಗೊಣಗುತ್ತಿದ್ದರು. ಗೊಣಗುತ್ತಲೇ ಸೋಸುವ ಬಟ್ಟೆಯನ್ನು ಒಲೆ ಒರೆಸಲು ಹಾಕಿದರು.

ಆ ತಿಂಗಳು ನಮ್ಮ ಮನೆಯಲ್ಲಿ ಎಲ್ಲರೂ ಚಮಚ ಓರೆ ಮಾಡುವವರೇ. ಸಾರು ಬಡಿಸುವಾಗಲೂ ನಮ್ಮನೆಯವರು ಓರೆ ಮಾಡಿ ನೋಡುತ್ತಿದ್ದರು. ನಾನು ಮಧ್ಯಾಹ್ನದ ಎರಡು ತರಗತಿ ಬಿಟ್ಟು ಮುಂಚಿನ ಬಸ್ಸಿಗೆ ಬರತೊಡಗಿದೆ. ಹಾಜರಾತಿ ಎಷ್ಟು ಕಡಿಮೆಯಾಯಿತು ಎನ್ನುವುದೂ ಡೈರಿಯಲ್ಲಿದೆ, ಇಲ್ಲಿ ಬೇಡ. ಇದರ ನಡುವೆ ಒಂದು ದಿನ, ಯಾರೂ ಏನೂ ಮಾಡದೆಯೇ, ಫೋನಿನೊಳಗಿನ ಪಾಪು ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಬಂದಳು. ಹಿಟ್ಟಿನ ಪೊಟ್ಟಣವೂ ಕೈಗೆ ಬಂತು. ಮೂರು ಬಸ್ಸು, ಹತ್ತೊಂಬತ್ತು ಫೋನು, ಆರು ಫೋಟೋಗಳಲ್ಲಿ ಯಾವುದರಿಂದ ಕೆಲಸವಾಯಿತು ಎಂದು ಜಯಮ್ಮ ಟೀಚರನ್ನು ಕೇಳಿದರೆ, "ನಂಗೇನ್ ಗೊತ್ತಮ್ಮ. ಅದಕ್ಕೆ ಮನಸ್ಸು ಬಂತು, ಬಂತು" ಎಂದರು.

ಹನ್ನೊಂದನೇ ತಿಂಗಳ ತೂಕದ ದಿನ ಅತ್ತೆಯೂ ನಾನೂ ಇಬ್ಬರೂ ಹೋದೆವು. ಬೆಳ್ಳಿಯನ್ನು ಅತ್ತೆ ಸೋಮವಾರ ಹಗಲೇ ಬಿಚ್ಚಿ ಬೀರುವಿನಲ್ಲಿ ಇಟ್ಟಿದ್ದರು. ಮಂಗಳವಾರ ತೆಗೆದ ಹಾಗೂ ಆಗಲಿಲ್ಲ, ಮಂಗಳವಾರ ಹಾಕಿದ ಹಾಗೂ ಆಗಲಿಲ್ಲ. ಅಂಗನವಾಡಿಯಲ್ಲಿ ಏಳೆಂಟು ತಾಯಂದಿರು, ಅಜ್ಜಿಯರು ಗೋಡೆಗೊರಗಿ ಕುಳಿತಿದ್ದರು. ಪಾಪುವಿನ ಸೊಂಟದಲ್ಲಿ ಬರಿಯ ಕರಿದಾರ ನೋಡಿ ಒಬ್ಬಾಕೆ, "ಯಾಕ್ರವ್ವ, ಬೆಳ್ಳಿ ಎಲ್ಲಿ ಓಯ್ತು?" ಎಂದು ಕೇಳಿದರು. ಅತ್ತೆ ಕೇಳಿಸದವರಂತೆ ಕಿಟಕಿ ನೋಡಿದರು.

ತಟ್ಟೆಯಲ್ಲಿ ಮಲಗಿಸಿದೆವು. ಕೈಕಾಲು ಬಡಿಯುತ್ತಿದ್ದವಳು ಒಂದು ಗಳಿಗೆ ಸುಮ್ಮನಾದಳು. ಅಂಕಿ ನಿಂತಿತು. ಆರು ಕಿಲೋ ಒಂಬೈನೂರ ಇಪ್ಪತ್ತು.

ಗೆರೆಗಿಂತ ಇಪ್ಪತ್ತು ಗ್ರಾಂ ಮೇಲೆ. ನನ್ನ ಕೈ ಆಗಲೇ ಡೈರಿಗೆ ಹೋಗಿತ್ತು. ಅಷ್ಟರಲ್ಲಿ ಪಾಪು ಸುಮ್ಮನಾದದ್ದು ಯಾಕೆ ಎಂದು ಎಲ್ಲರಿಗೂ ತಿಳಿಯಿತು. ತಟ್ಟೆಯಿಂದ ಧಾರೆ ಎದ್ದು ಟೀಚರ ಸೆರಗಿಗೆ, ನೋಟ್‌ಬುಕ್ಕಿಗೆ, ನೆಲಕ್ಕೆ. ಗೋಡೆಯ ಸಾಲಿನವರೆಲ್ಲ ನಕ್ಕರು. ತಟ್ಟೆ ಒರೆಸಿ, ಮಗುವನ್ನು ಒರೆಸಿ, ಮತ್ತೆ ಮಲಗಿಸಿದರು. ಆರು ಕಿಲೋ ಎಂಟುನೂರ ಎಂಬತ್ತು.

ಜಯಮ್ಮ ಟೀಚರು ಪೆನ್ನು ಹಿಡಿದು ನನ್ನನ್ನೇ ನೋಡಿದರು. "ಏರಿದ್ದಂತೂ ಏರವ್ಳೆ. ಉಚ್ಚೆ ಉಯ್ಯಕ್ ಮುಂಚಿಂದು ಬರೀಲಾ, ಆಮೇಲಿಂದು ಬರೀಲಾ? ಮುಂಚಿಂದು ಬರುದ್ರೆ ಹಾಸನ ಇಲ್ಲ. ಆಮೇಲಿಂದು ಬರುದ್ರೆ ನಾನು ಚೀಟಿ ಕೊಡ್ಬೇಕು."

ಊರಿನ ತಕ್ಕಡಿಗಳಿಗೆಲ್ಲ ಸೊನ್ನೆಯ ಪಾಠ ಹೇಳಿದವಳು ನಾನು. ಬೆಳ್ಳಿಯನ್ನು ಗ್ರಾಂ ಲೆಕ್ಕದಲ್ಲಿ ಕಳೆದವಳು. ಹದಿನಾಲ್ಕು ದಿನ, ತಪ್ಪುವ ತರಗತಿಗಳು, ಹತ್ತಿರ ಬಂದ ಪರೀಕ್ಷೆ, ಬೀದಿಯವರ ಮಾತು, ಎಲ್ಲವೂ ಒಟ್ಟಿಗೆ ತಲೆಗೆ ಬಂದವು. ಉಚ್ಚೆಯೂ ಮಗುವಿನದೇ ತಾನೆ ಎಂದೂ ಅನ್ನಿಸಿತು. "ಮುಂಚಿನದೇ..." ಎಂದು ಬಾಯಿ ತೆರೆದೆ.

"ಕಡ್ಮೇದೇ ಬರಿ" ಎಂದರು ಅತ್ತೆ.

ಟೀಚರು, "ನಲವತ್ತೇ ಗ್ರಾಮು ಪುಟ್ಟತಾಯಮ್ನೋರೆ, ಯೋಚ್ನೆ ಮಾಡಿ" ಎಂದರು.

"ಮೂರು ತಿಂಗ್ಳು ಜಾಸ್ತಿ ಬರ್ಸಿ ಏನಾಯ್ತು ಅಂತ ನೋಡುದ್ನಲ್ಲವ್ವ. ಬರಿ ನೀನು. ಚೀಟಿ ಕೊಡು. ಡಾಕ್ಟ್ರು ನೋಡ್ಲಿ, ಏನೂ ಇಲ್ಲ ಅಂದ್ರೆ ವಾಪಸ್ ಬತ್ತೀವಿ. ಇರಿ ಅಂದ್ರೆ ಇರ್ತೀವಿ."

ಟೀಚರು ಒದ್ದೆಯಾಗದ ಒಂದು ಪುಟ ಹುಡುಕಿ ಬರೆದರು. ಆರು ಕಿಲೋ ಎಂಟುನೂರ ಎಂಬತ್ತು. ನಾನು ಪಾಪುಗೆ ಜುಬ್ಬ ಹಾಕುತ್ತಿದ್ದೆ, ತಲೆ ಎತ್ತಲಿಲ್ಲ.

"ಕೇಳುಸ್ತಾ ರಮ್ಯ?" ಎಂದರು ಅತ್ತೆ. ಅವರ ಕೈಬೆರಳುಗಳು ಆಗಲೇ ಎಣಿಕೆಗೆ ಮಡಚಿಕೊಳ್ಳತೊಡಗಿದ್ದವು. "ಅಸುಗಳ್ಗೆ ಮೇವಾಕಾಕೆ ಪಕ್ಕದ್ಮನೆಯೋರ್ಗೆ ಏಳನ. ನೀನು ಪರೀಕ್ಷೆ ಪುಸ್ತಕ ಅಲ್ಲಿಗೇ ತಕ್ಕೊ, ಮಗೀನ ನಾನು ನೋಡ್ಕತೀನಿ. ಹದ್ನಾಲ್ಕು ದಿನಕ್ಕೆ ನಂಗೆ ಐದು ಸೀರೆ ಸಾಕು. ನಿಂಗೆಷ್ಟು ಬೇಕು, ಲೆಕ್ಕ ಆಕು."